ಮಾಲ್ಗುಡಿ ಡೇಸ್ ಮತ್ತೆ ಮತ್ತೆ ನೋಡ್ತೀನಿ, ಇದೇನು ಹುಚ್ಚಾ?

ಪ್ರಶ್ನೆ: ಹುಟ್ಟಿ ಬೆಳೆದಿದ್ದು ಮುಂಬೈ ಹತ್ತಿರದ ಡೊಂಬಿವಲಿ, ಈಗ ಪುಣೆಯಲ್ಲಿ ಕೆಲಸ, ವಯಸ್ಸು 47. ಚಿಕ್ಕವನಿದ್ದಾಗ ದೂರದರ್ಶನದಲ್ಲಿ ನೋಡಿದ ಮಾಲ್ಗುಡಿ ಡೇಸ್‌ನ ಈಗಲೂ ಆಗಾಗ ಹಾಕ್ಕೊಂಡು ಕೂರ್ತೀನಿ. "ಮೂರು ಓಟಿಟಿಗೆ ದುಡ್ಡು ಕಟ್ಟಿ ನೋಡೋದು ಮಾತ್ರ ಅದೇ ಹಳೇದು" ಅಂತ ಹೆಂಡತಿ ರೇಗ್ತಾಳೆ. ಹದಿಮೂರು ವರ್ಷದ ಮಗಳನ್ನ ಪಕ್ಕ ಕೂರಿಸ್ಕೊಂಡೆ, ಹತ್ತು ನಿಮಿಷಕ್ಕೆ ಎದ್ದು ಹೋದ್ಲು. ವಿಚಿತ್ರ ಅಂದ್ರೆ, ಆಗ ನಗು ಬರ್ತಿದ್ದ ಜಾಗದಲ್ಲಿ ಈಗ ಗಂಟಲು ಕಟ್ಟತ್ತೆ. ಇದು ಬರೀ ಹಳೇ ನೆನಪಾ, ಅಥವಾ ಸೀರಿಯಲ್ಲೇ ಅಷ್ಟು ಗಟ್ಟಿ ಇದ್ಯಾ? ಮಗಳಿಗೆ ತೋರಿಸೋಕೆ ದಾರಿ ಏನಾದ್ರೂ ಇದ್ಯಾ?

ಉತ್ತರ: ಮೊದಲು ನಿಮ್ಮ ಮನೆಯವರ ಮಾತು ಮುಗಿಸಿಬಿಡೋಣ, ಅದು ಸುಲಭ. ಆಗಾಗ ಒಂದು ಹಳೇ ಎಪಿಸೋಡ್ ಹಾಕ್ಕೊಂಡು ಕೂರೋದು ಹುಚ್ಚಲ್ಲ ಬಿಡಿ. ಪುಸ್ತಕ ಆಗಲಿ ಸಿನಿಮಾ ಆಗಲಿ ಊರಾಗಲಿ, ಒಂದಕ್ಕೇ ಮತ್ತೆ ಮತ್ತೆ ಹೋಗೋ ಜನರ ಬಗ್ಗೆ ಕ್ರಿಸ್ಟೆಲ್ ರಸೆಲ್ ಮತ್ತು ಸಿಡ್ನಿ ಲೆವಿ ಅನ್ನೋ ಇಬ್ಬರು ಸಂಶೋಧಕರು 2012ರಲ್ಲಿ ಒಂದು ಅಧ್ಯಯನ ಬರೆದಿದ್ದಾರೆ. ಅವರು ಕಂಡುಕೊಂಡಿದ್ದು ಏನಪ್ಪ ಅಂದ್ರೆ, ಹಾಗೆ ಹೋಗೋರು ಸುಮ್ನೆ ಅಭ್ಯಾಸಬಲದಿಂದ ಹೋಗಲ್ಲ, ಹೋದ ಸಲಕ್ಕೂ ಈ ಸಲಕ್ಕೂ ನಾನೆಷ್ಟು ಬದಲಾಗಿದೀನಿ ಅಂತ ಅಲ್ಲಿ ನಿಂತು ನೋಡ್ಕೊತಾರೆ. ನಗು ಬರ್ತಿದ್ದ ಜಾಗದಲ್ಲಿ ಗಂಟಲು ಕಟ್ಟತ್ತೆ ಅಂತ ನೀವು ಬರೆದಿದೀರಲ್ಲ, ಅದೇ ಇದು.

ಇನ್ನು ನಿಮ್ಮ ಪ್ರಶ್ನೆ. ಹಳೇ ನೆನಪು ಇಲ್ಲ ಅಂದ್ರೆ ಸುಳ್ಳಾಗತ್ತೆ. ಸುಮಾರು ಹತ್ತರಿಂದ ಮೂವತ್ತರ ವಯಸ್ಸಲ್ಲಿ ಕಂಡಿದ್ದು ಕೇಳಿದ್ದು ಆಮೇಲಿನದಕ್ಕಿಂತ ಗಟ್ಟಿಯಾಗಿ ಉಳಿಯತ್ತೆ, ಇದನ್ನ ನೆನಪಿನ ಬಗ್ಗೆ ಕೆಲಸ ಮಾಡೋರು ತುಂಬಾ ಸಲ ನೋಡಿದಾರೆ, ನೀವು ಆ ವಯಸ್ಸಿನ ಬಾಗಿಲಲ್ಲಿದ್ರಿ. ಜೊತೆಗೆ ಸಂಗೀತ. ಎಲ್. ವೈದ್ಯನಾಥನ್ ಮಾಡಿದ ಆ ತಾನನನ ಟೈಟಲ್ ಟ್ಯೂನ್ ಶುರುವಾಗಿ, ಆರ್.ಕೆ. ಲಕ್ಷ್ಮಣ್ ಬರೆದ ಚಿತ್ರಗಳು ಬರ್ತಿದ್ದ ಹಾಗೆ ಕಥೆ ಯಾವುದು ಅಂತ ಗೊತ್ತಾಗೋಕೆ ಮುಂಚೆನೇ ಮನಸ್ಸು ರೆಡಿ ಆಗಿರತ್ತೆ. ಮುಂಬೈ ರಂಗಭೂಮಿಯಲ್ಲೇ ಬಾಳಿದ ಸದಾನಂದ ಸುವರ್ಣರು ಗುಡ್ಡದ ಭೂತ ಅಂತ ಸೀರಿಯಲ್ ಮಾಡಿದ್ರಲ್ಲ, ಪ್ರಕಾಶ್ ರೈ ಇದ್ದಿದ್ದು, ಅದರ ಡೆನ್ನಾನ ಡೆನ್ನಾನ ಹಾಡು 2015ರಲ್ಲಿ ರಂಗಿತರಂಗದಲ್ಲಿ ಮತ್ತೆ ಬಂದಾಗ ನಮ್ಮ ವಯಸ್ಸಿನವರೆಲ್ಲ ಥಿಯೇಟರ್ ಸೀಟಲ್ಲಿ ನೆಟ್ಟಗಾದ್ರು, ಪಕ್ಕದ ಹುಡುಗರಿಗೆ ಏನಾಯ್ತು ಅಂತಾನೇ ಗೊತ್ತಾಗ್ಲಿಲ್ಲ. ಇನ್ನು ಟಿವಿಯಲ್ಲಿ ವಾರ ವಾರ ಕಂಡ ಮುಖವನ್ನ ನಮ್ಮ ಪರಿಚಯದವರು ಅಂತ ಮನಸ್ಸು ಲೆಕ್ಕ ಹಾಕ್ಕೊಳ್ಳೋದು, ಇದನ್ನಂತೂ 1956ರಲ್ಲೇ ಹಾರ್ಟನ್ ಮತ್ತು ವೋಲ್ ಅನ್ನೋರು ಬರೆದಿಟ್ಟಿದ್ದಾರೆ. ಮಾಲ್ಗುಡಿಯ ಹುಡುಗ ಸ್ವಾಮಿ ನಿಮಗೆ ಕ್ಲಾಸ್‌ಮೇಟ್ ಥರ ಅನ್ಸಿದ್ರೆ ತಪ್ಪೇನಿಲ್ಲ.

ಆದ್ರೆ ಇಷ್ಟೇ ಕಾರಣ ಆಗಿದ್ರೆ ನೀವು ಆ ಕಾಲದ್ದೆಲ್ಲವನ್ನೂ ನೋಡ್ತಾ ಕೂರಬೇಕಿತ್ತು. 1984ರಲ್ಲಿ ಹಮ್ ಲೋಗ್ ಬಂತು, 86ರಲ್ಲಿ ಬುನಿಯಾದ್, 87ರ ಜನವರಿಯಲ್ಲಿ ರಾಮಾಯಣ ಶುರುವಾಯ್ತು, ಭಾನುವಾರ ಬೆಳಿಗ್ಗೆ ರಸ್ತೆಯಲ್ಲಿ ಜನ ಇರ್ತಿರ್ಲಿಲ್ಲ. ಇವೆಲ್ಲ ನೀವೂ ನೋಡಿರ್ತೀರ, ಆದ್ರೆ ರಾತ್ರಿ ಊಟ ಆದ್ಮೇಲೆ ಹುಡುಕಿ ಹಾಕ್ಕೊಳ್ಳೋದು ಇದೊಂದನ್ನೇ. ಅಂದ್ಮೇಲೆ ಸೀರಿಯಲ್ ಒಳಗೇ ಏನೋ ಇರಬೇಕು. ಮುಂಬೈಯ ಗೋರೆಗಾಂವ್, ಅಂಧೇರಿಯ ಎಡಿಟಿಂಗ್ ರೂಮುಗಳಲ್ಲಿ ಹಿಂದಿ ಡೈಲಿ ಸೀರಿಯಲ್ ಕತ್ತರಿಸಿ ಅಂಟಿಸೋದ್ರಲ್ಲೇ ಕಣ್ಣು ಹಾಳು ಮಾಡ್ಕೊಂಡವರು ನಾವು, ಅಲ್ಲಿಂದ ನೋಡಿದ್ರೆ ಏನು ಕಾಣತ್ತೆ ಅಂತ ಹೇಳ್ತೀನಿ.

ಡೈಲಿ ಸೀರಿಯಲ್ಲಲ್ಲಿ ನಮಗೆ ಇರೋ ಒಂದೇ ಆರ್ಡರ್ ಅಂದ್ರೆ ಇವತ್ತಿನ ಎಪಿಸೋಡ್ ಇವತ್ತು ಮುಗೀಬಾರ್ದು. ಬ್ರೇಕಿಗೆ ಮುಂಚೆ ಮುಂದೇನು ಅಂತ ಕಾಯಿಸೋ ಒಂದು ಹುಕ್, ಕೊನೆಗೆ ಮುಖದ ಮೇಲೆ ನಿಂತುಬಿಡೋ ಒಂದು ಫ್ರೀಜ್, ಯಾರೋ ಏನೋ ಅಂದ್ರೆ ಮನೆಯಲ್ಲಿರೋ ಅಷ್ಟೂ ಜನರ ಮುಖಕ್ಕೆ ಒಂದೊಂದು ಕಟ್, ಮತ್ತೆ ಮೊದಲನೇ ಮುಖಕ್ಕೆ ವಾಪಸ್, ಹಿಂದೆ ಧಡ್ ಅಂತ ಮ್ಯೂಸಿಕ್. ಅದರಲ್ಲಿ ನೋಡೋರಿಗೆ ಯೋಚನೆ ಮಾಡೋಕೆ ಅಂತ ಒಂದು ಸೆಕೆಂಡ್ ಬಿಡಲ್ಲ, ಬಿಟ್ರೆ ಚಾನೆಲ್ ಬದಲಾಯಿಸ್ತಾರೆ ಅನ್ನೋ ಭಯ. ಮಾಲ್ಗುಡಿ ಡೇಸ್‌ನ ಎಪಿಸೋಡು ಇಪ್ಪತ್ತು ಚಿಲ್ಲರೆ ನಿಮಿಷ, ಒಂದು ಸಣ್ಣ ಕಥೆ, ಬಹುಪಾಲು ಅವತ್ತಿಗೇ ಮುಗೀತು. ಮುಗಿಯತ್ತೆ, ಆದ್ರೆ ತೀರ್ಮಾನ ಆಗಲ್ಲ. ಯಾರು ಸರಿ ಯಾರು ತಪ್ಪು ಅಂತ ಹೇಳದೆ ಎದ್ದು ಹೋಗ್ತಾರೆ. ಒಂಬತ್ತು ವರ್ಷದ ಹುಡುಗ ಒಂದು ತೀರ್ಮಾನ ಮಾಡ್ಕೊಂಡಿರ್ತಾನೆ, ಅದೇ ಹುಡುಗ ನಲವತ್ತೇಳಕ್ಕೆ ಬಂದು ಕೂತ್ರೆ ಆ ಖಾಲಿ ಜಾಗ ಹಾಗೇ ಇರತ್ತೆ, ಬೇರೆ ತೀರ್ಮಾನ ಮಾಡಬಹುದು.

ವಿಷ್ಣುವರ್ಧನ್ ಮಾಡಿದ ಎಪಿಸೋಡ್ ನೆನಪಿದ್ಯಾ, ತಿಂಗಳಿಗೆ ನಲವತ್ತೈದು ರೂಪಾಯಿ ಅನ್ನೋ ಕಥೆ? ಆಗಲೇ ದೊಡ್ಡ ಸ್ಟಾರು ಅವರು, ಇಲ್ಲಿ ಫೈಲುಗಳ ಮಧ್ಯೆ ಹೂತುಹೋದ ಒಬ್ಬ ಗುಮಾಸ್ತ. ಆರ್.ಕೆ. ನಾರಾಯಣ್ ಬರೆದ ಕಥೆ ಇಷ್ಟೇ. ಸಂಜೆ ಸಿನಿಮಾಗೆ ಕರ್ಕೊಂಡು ಹೋಗ್ತೀನಿ ಅಂತ ವೆಂಕಟ್ ರಾವ್ ಮಗಳು ಶಾಂತಾಗೆ ಮಾತು ಕೊಟ್ಟಿರ್ತಾನೆ. ಆ ಮಗು ಸ್ಕೂಲಿಂದ ಓಡಿ ಬಂದು ಒಳ್ಳೆ ಫ್ರಾಕ್ ಹಾಕ್ಕೊಂಡು ರೆಡಿಯಾಗಿ ಬಾಗಿಲಲ್ಲಿ ಕಾಯತ್ತೆ, ಕಾದು ಕಾದು ಅಪ್ಪನ ಆಫೀಸ್ ಹುಡುಕ್ಕೊಂಡು ತಾನೇ ಹೊರಟು ದಾರಿ ತಪ್ಪತ್ತೆ. ಇತ್ತ ಮ್ಯಾನೇಜರ್ ಬಿಡ್ತಿಲ್ಲ. ಇನ್ನು ಸಾಕು, ನಲವತ್ತು ರೂಪಾಯಿಗೆ ನನ್ನನ್ನ ಪೂರ್ತಿ ಕೊಂಡ್ಕೊಂಡಿದೀರಾ ಅಂತ ಕೋಪ ಬಂದು ರಾಜೀನಾಮೆ ಬರೀತಾನೆ, ಬರೆದು ತಗೊಂಡು ಹೋದ್ರೆ ಅಲ್ಲಿ ಐದು ರೂಪಾಯಿ ಸಂಬಳ ಜಾಸ್ತಿ ಮಾಡಿದೀವಿ ಅಂತ ಸುದ್ದಿ. ಚೀಟಿ ಸದ್ದಿಲ್ಲದೆ ಜೇಬಿಗೆ ವಾಪಸ್. ಮನೆಗೆ ಬರೋವಾಗ ರಾತ್ರಿ ಆಗಿರತ್ತೆ, ಮಗು ಅದೇ ಫ್ರಾಕಲ್ಲಿ ಮಲಗಿಬಿಟ್ಟಿರತ್ತೆ. ಎಬ್ಬಿಸೋಕೆ ಹೋಗ್ತಾನೆ, ಹೆಂಡತಿ ಬೇಡ ಅಂತಾಳೆ. ಆಗ ಅವನು ಹೇಳೋದು, ಇನ್ನು ಇವಳನ್ನ ಕರ್ಕೊಂಡು ಹೋಗೋದು ಆಗತ್ತೋ ಇಲ್ವೋ, ಇಂಕ್ರಿಮೆಂಟ್ ಕೊಟ್ಬಿಟ್ಟಿದಾರೆ ಅಂತ.

ಇದನ್ನ ಮಗು ಆಗಿ ನೋಡಿದಾಗ ಶಾಂತಾ ಪರ ಇರ್ತೀರ, ಅಪ್ಪನ ಮೇಲೆ ಸಿಟ್ಟು. ಈಗ ನೀವು ಹಿಂಜವಡಿಯಲ್ಲೋ ಖರಾಡಿಯಲ್ಲೋ ಸಿಗ್ನಲ್ಲಲ್ಲಿ ನಿಂತು "ಹೊರಟೆ, ದಾರೀಲಿದೀನಿ" ಅಂತ ಮೆಸೇಜ್ ಹಾಕಿರೋರು, ಅಪ್ರೈಸಲ್ ಲೆಟರ್ ಬಂದ ದಿನ ಖುಷಿಪಡ್ಬೇಕೋ ಬೇಡ್ವೋ ಗೊತ್ತಾಗದೆ ಇದ್ದೋರು. ಇಂಕ್ರಿಮೆಂಟನ್ನ ಕೆಟ್ಟ ಸುದ್ದಿ ಥರ ಹೇಳೋ ಆ ಮನುಷ್ಯ ಈಗ ನಿಮಗೆ ಅರ್ಥ ಆಗ್ತಾನೆ. ಕಥೆಯಲ್ಲಿ ಮ್ಯಾನೇಜರೂ ರಾಕ್ಷಸ ಅಲ್ಲ ನೋಡಿ, ಅವನೂ ಕೆಲಸದಲ್ಲೇ ಮುಳುಗಿದಾನೆ. ಇವತ್ತಿನ ರೈಟರ್ ರೂಮಲ್ಲಿ ಈ ಕಥೆ ಇಟ್ರೆ ಮೊದಲನೇ ಮೀಟಿಂಗಲ್ಲೇ ಹೇಳ್ತಾರೆ, ಮ್ಯಾನೇಜರ್‌ನ ಇನ್ನಷ್ಟು ಕೆಟ್ಟವನು ಮಾಡಿ, ಕೊನೆಗೆ ಅಪ್ಪ ರಾಜೀನಾಮೆ ಮುಖಕ್ಕೆ ಬಿಸಾಕಲಿ, ಮಗಳನ್ನ ಎತ್ತಿ ತಿರುಗಿಸಲಿ, ಸ್ಲೋ ಮೋಷನ್. ಹಾಗೆ ಮಾಡಿದ್ರೆ ಒಂದು ಸಲ ನೋಡಿ ಚಪ್ಪಾಳೆ ತಟ್ಟಿ ಮರೀತಿದ್ರಿ.

ಸ್ವಾಮಿಯ ಧೈರ್ಯದ ಕಥೆಯಲ್ಲೂ ಅಷ್ಟೇ. ಧೈರ್ಯ ಇದ್ರೆ ಆಫೀಸ್ ರೂಮಲ್ಲಿ ಒಬ್ಬನೇ ಮಲಗು ಅಂತ ಅಪ್ಪ ಹಠ ಹಿಡೀತಾನೆ, ಹುಡುಗ ಹೆದರಿ ಬೆಂಚ್ ಕೆಳಗೆ ಸೇರ್ಕೊತಾನೆ, ಕತ್ತಲಲ್ಲಿ ಏನೋ ಬಂತು ಅಂತ ಅದರ ಕಾಲು ಹಿಡಿದು ಕಚ್ಚಿದ್ರೆ ಅದು ಕಳ್ಳ. ಮಾರನೇ ದಿನ ಹೀರೋ. ಚಿಕ್ಕವರಾಗಿ ನೋಡಿದ್ದು ಇಷ್ಟು, ಇದು ತಮಾಷೆ ಕಥೆ. ಆದ್ರೆ ಮುಂದಿನ ರಾತ್ರಿ ಏನಾಗತ್ತೆ? ಅಷ್ಟೆಲ್ಲ ಹೊಗಳಿಸ್ಕೊಂಡ ಹೀರೋ ಅಪ್ಪ ಮನೆಗೆ ಬರೋ ಹೊತ್ತಿಗೆ ಅಜ್ಜಿ ಪಕ್ಕ ಸೇರ್ಕೊಂಡು ಹೊದ್ಕೊಂಡು ಮಲಗಿಬಿಟ್ಟಿರ್ತಾನೆ, ಅಪ್ಪ ಗೊಣಗ್ತಾನೆ, ಎಲ್ಲಾದ್ರೂ ಮಲಗಲಿ ನನಗೇನು ಅಂತ. ಆ ಅಪ್ಪ ಗಿರೀಶ್ ಕಾರ್ನಾಡ್. ಮುಂದಿನ ಸಲ ಹುಡುಗನ್ನ ಬಿಟ್ಟು ಕಾರ್ನಾಡರ ಮುಖ ಮಾತ್ರ ನೋಡಿ. ಮಗನ್ನ ಗಟ್ಟಿ ಮಾಡಬೇಕು ಅನ್ನೋ ಹಠ, ಅದರೊಳಗೇ ಒಂದು ಅನುಮಾನ, ಸೋಲು ಒಪ್ಪಿಕೊಳ್ಳೋಕೆ ಬೇಕಾದ ಆ ಗೊಣಗಾಟ, ಅಮ್ಮ ವೈಶಾಲಿ ಕಾಸರವಳ್ಳಿ ಕಡೆಯಿಂದ ಒಂದು ಪದ ಜಾಸ್ತಿ ಇಲ್ಲ. ನಿಮ್ಮ ಗಂಟಲು ಕಟ್ಟೋ ಜಾಗ ಇಂಥವೇ ಇರಬೇಕು ಅಂತ ನನ್ನ ಊಹೆ, ಕುರ್ಚಿ ಬದಲಾಗಿದೆ, ನೀವೀಗ ಅಪ್ಪನ ಕುರ್ಚಿಯಲ್ಲಿ ಕೂತು ನೋಡ್ತಿದೀರ.

ವಯಸ್ಸಿನ ವಿಷಯ ಬಂತು ಅಂತ ಇನ್ನೊಂದು. ಇದರ ಡೈರೆಕ್ಟರ್ ಶಂಕರ್ ನಾಗ್ ಹುಟ್ಟಿದ್ದು 1954ರ ನವೆಂಬರ್, ಇದನ್ನ ಮಾಡೋವಾಗ ಮೂವತ್ತೆರಡರ ಆಸುಪಾಸು, 1990ರ ಸೆಪ್ಟೆಂಬರ್ 30ಕ್ಕೆ ದಾವಣಗೆರೆ ಹತ್ತಿರ ಆ ಆಕ್ಸಿಡೆಂಟ್. ಅಂದ್ರೆ ನಿಮ್ಮ ಪಾಲಿನ ದೊಡ್ಡ ಡೈರೆಕ್ಟರು ಈಗ ನಿಮಗಿಂತ ಹದಿನೈದು ವರ್ಷ ಚಿಕ್ಕ ಹುಡುಗ. ಸಿಹಿತಿಂಡಿ ಅಂಗಡಿಯ ಜಗನ್ ಆಗಿ ಅನಂತ್ ನಾಗ್ ಮಾಡಿದಾಗ ಅವರಿಗೆ ನಲವತ್ತೂ ತುಂಬಿರ್ಲಿಲ್ಲ, ಅಮೆರಿಕಾದಿಂದ ವಾಪಸ್ ಬಂದ ಮಗನ ಮುಂದೆ ಕಂಗಾಲಾಗೋ ಮುದುಕ ಅಪ್ಪನ ಪಾತ್ರ, ಈಗ ಅನಂತ್ ನಾಗ್ ನಿಜವಾಗ್ಲೂ ಜಗನ್‌ಗಿಂತ ದೊಡ್ಡವರು. ಹೊಸ ಸೀರಿಯಲ್ಲಿಗೆ ಈ ಪದರ ಇಲ್ಲ, ಇರೋಕೆ ಸಾಧ್ಯನೂ ಇಲ್ಲ, ಇದನ್ನ ಯಾವ ಡೈರೆಕ್ಟರೂ ಹಾಕಿದ್ದಲ್ಲ, ಕಾಲವೇ ಹಾಕಿದ್ದು, ಮೊದಲಿಂದ ನೋಡಿದೋರಿಗೆ ಮಾತ್ರ ಕಾಣತ್ತೆ.

ನೀವು ಡೊಂಬಿವಲಿ ಅಂದಿದ್ದಕ್ಕೆ ಇದನ್ನ ಹೇಳಲೇಬೇಕು. ಕರ್ನಾಟಕದೊಳಗೆ ಬೆಳೆದೋರಿಗೆ ಮಾಲ್ಗುಡಿ ಡೇಸ್ ಅಂದ್ರೆ ನಮ್ಮ ಶಂಕ್ರಣ್ಣ ಮಾಡಿದ ಸೀರಿಯಲ್ ಅನ್ನೋ ಹೆಮ್ಮೆ. ಮುಂಬೈ ಕನ್ನಡಿಗರಿಗೆ ಅದು ಇನ್ನೂ ಬೇರೆ ಥರ ಬಂತು. ಆಗ ಇಲ್ಲಿ ಬೆಂಗಳೂರು ದೂರದರ್ಶನ ಸಿಗ್ತಿರ್ಲಿಲ್ಲ, ಹಿಂದಿ ಇಂಗ್ಲಿಷ್ ಇಲ್ಲಾ ಮರಾಠಿ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಲ್ಲೋ ಕರ್ನಾಟಕ ಸಂಘದಲ್ಲೋ ನಾಟಕ ಇದ್ರೆ ಕನ್ನಡ, ಇಲ್ದಿದ್ರೆ ಮನೆಯೊಳಗೆ ಕನ್ನಡ, ಬಾಗಿಲು ದಾಟಿದ್ರೆ ಹಿಂದಿ ಮರಾಠಿ. ಅಂಥ ಟೈಮಲ್ಲಿ ನ್ಯಾಷನಲ್ ನೆಟ್‌ವರ್ಕಲ್ಲಿ ಈ ಸೀರಿಯಲ್ ಶೂಟ್ ಆದ ಆಗುಂಬೆ ಕಾಣಿಸ್ತು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯೋ ಊರು, ಮುಂಬೈ ಮಳೆ ಅದರ ಮೂರನೇ ಒಂದು ಭಾಗ ಇದ್ರೆ ಹೆಚ್ಚು. ಹೆಂಚಿನ ಮನೆ, ಜಗಲಿ, ದಪ್ಪ ಕಂಬ, ಒದ್ದೆ ರಸ್ತೆ, ಮುಖಗಳೆಲ್ಲ ನಮ್ಮವೇ, ರಮೇಶ್ ಭಟ್, ಅರುಂಧತಿ ನಾಗ್. ಮಾತು ಮಾತ್ರ ಹಿಂದಿ. ಅಜ್ಜಿಯರಿಗೆ ಭಾಷೆ ತಿಳೀದಿದ್ರೂ ಮನೆ ತಿಳೀತಿತ್ತು, ಪಕ್ಕದ ಮನೆ ಮರಾಠಿ ಮಕ್ಕಳಿಗೆ ಮನೆ ಹೊಸದಾದ್ರೂ ಮಾತು ತಿಳೀತಿತ್ತು. ರಜೆಗೆ ಊರಿಗೆ ಹೋಗ್ತೀವಿ ಅಂತ ನಾವು ಹೇಳ್ತಿದ್ದ ಊರು ಹೇಗಿರತ್ತೆ ಅಂತ ಚಾಳಿನ, ಅಂದ್ರೆ ವಠಾರದ, ಅಷ್ಟೂ ಮಕ್ಕಳಿಗೆ ತೋರಿಸಿದ್ದು ಆ ಸೀರಿಯಲ್ಲು. ಇಷ್ಟು ಕೆಲಸ ಮಾಡಿದ್ದನ್ನ ಯಾರಾದ್ರೂ ಸುಲಭಕ್ಕೆ ಬಿಟ್ಟುಬಿಡ್ತಾರಾ?

ಹಾಗೆ ನೋಡಿದ್ರೆ ಅದನ್ನ ಮಾಡಿದೋರೂ ನಮ್ಮ ಈ ಕಡೆಯವರೇ ಅರ್ಧ. ಶಂಕರ್ ನಾಗ್ ಹೊನ್ನಾವರದ ಕಡೆಯವರಾದ್ರೂ ನಾಟಕ ಕಲಿತಿದ್ದು ಮುಂಬೈಯ ಮರಾಠಿ ರಂಗಭೂಮಿಯಲ್ಲಿ, ಪುಣೆಯ ಕ್ರಾಂತಿಕಾರಿ ಚಾಪೇಕರ್ ಸಹೋದರರ ಮೇಲೆ ಬಂದ 22 ಜೂನ್ 1897 ಅನ್ನೋ ಮರಾಠಿ ಸಿನಿಮಾದ ಬರವಣಿಗೆಯಲ್ಲಿ ಅವರ ಕೈ ಇದೆ. ಕಾರ್ನಾಡರು ಹುಟ್ಟಿದ್ದು ಮಾಥೇರಾನಲ್ಲಿ. ಲಕ್ಷ್ಮಣ್ ಅಂತೂ ಬದುಕಿಡೀ ಮುಂಬೈನಲ್ಲಿ ಕಾರ್ಟೂನ್ ಬರೆದು 2015ರ ಜನವರಿ 26ಕ್ಕೆ ನಿಮ್ಮ ಪುಣೆಯಲ್ಲೇ ತೀರ್ಕೊಂಡ್ರು.

ನಾರಾಯಣ್ ಕಥೆಗಳಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರದ್ದು ಪೋಸ್ಟ್‌ಮ್ಯಾನ್ ತಾನಪ್ಪಂದು. ರಾಮಾನುಜಂ ಮಗಳ ಮದುವೆ ಕಷ್ಟಪಟ್ಟು ಕೂಡಿ ಬಂದಿರತ್ತೆ, ಮೇ 20 ತಪ್ಪಿದ್ರೆ ಆ ಗಂಡು ಕೈ ತಪ್ಪತ್ತೆ. ಅಷ್ಟರಲ್ಲಿ ಚಿಕ್ಕಪ್ಪ ಸೀರಿಯಸ್ ಅಂತ ಕಾರ್ಡು, ಆಮೇಲೆ ಹೋಗಿಬಿಟ್ರು ಅಂತ ತಂತಿ. ತಾನಪ್ಪ ಎರಡನ್ನೂ ಕೊಡದೆ ಇಟ್ಕೊಂಡು ಮದುವೆ ಮುಗಿದ ಮೇಲೆ ತಂದು ಕೊಡ್ತಾನೆ, ಕಂಪ್ಲೇಂಟ್ ಮಾಡಿ ಸಾರ್, ಕೆಲಸ ಹೋಗತ್ತೆ ಅಂತ ತಾನೇ ಹೇಳ್ತಾನೆ. ರಾಮಾನುಜಂ ಕಂಪ್ಲೇಂಟ್ ಮಾಡಲ್ಲ, ಆದ್ರೆ ನೀನು ಹೀಗೆ ಮಾಡಬಾರದಿತ್ತು ಅನ್ನೋದನ್ನೂ ಬಿಡಲ್ಲ. ಎರಡೂ ನಿಜ, ಯಾವುದೂ ಇನ್ನೊಂದನ್ನ ಅಳಿಸಲ್ಲ. ಊರಿಂದ ತಂತಿ ಬಂದ್ರೆ ಒಡೆಯೋಕೆ ಮುಂಚೆನೇ ಅಡುಗೆಮನೆಯಲ್ಲಿ ಅಳು ಶುರುವಾಗ್ತಿದ್ದ ಮುಂಬೈ ಮನೆಗಳಲ್ಲಿ ಬೆಳೆದೋರಿಗೆ ಈ ಕಥೆಯ ಭಾರ ಬೇರೆ. ಈಗ ಫ್ಯಾಮಿಲಿ ಗ್ರೂಪಲ್ಲಿ ಸಾವಿನ ಸುದ್ದಿ ಐದು ಸೆಕೆಂಡಿಗೆ ಅಷ್ಟೂ ಜನಕ್ಕೆ ಒಟ್ಟಿಗೆ ತಲುಪತ್ತೆ, ಬಚ್ಚಿಡೋಕೆ ತಾನಪ್ಪನೇ ಇಲ್ಲ. ಅದು ಒಳ್ಳೇದಾಯ್ತಾ ಕೆಟ್ಟದಾಯ್ತಾ ನನಗಂತೂ ಇನ್ನೂ ಬಗೆಹರಿದಿಲ್ಲ.

ಅಭಿಮಾನ ಅಂತ ಕಣ್ಣು ಮುಚ್ಕೊಂಡು ನೋಡ್ಬೇಡಿ ಮತ್ತೆ. ಶಂಕರ್ ನಾಗ್ ಮಾಡಿದ 39 ಎಪಿಸೋಡುಗಳಲ್ಲಿ ಕೆಲವು ಎಳೀತವೆ, ಹಿಂದಿ ಡೈಲಾಗ್ ಕೆಲವು ಬಾಯಲ್ಲಿ ಕೂರಲ್ಲ, ಹೆಂಗಸರ ಪಾತ್ರ ಬಹಳಷ್ಟು ಕಡೆ ಅಡುಗೆಮನೆ ಬಾಗಿಲಲ್ಲೇ ನಿಂತುಬಿಡತ್ತೆ, ನಾರಾಯಣ್ ಬರೆದ ಕಾಲದ ಮಿತಿ ಅಂದ್ರೂ ನೋಡೋವಾಗ ಚುಚ್ಚತ್ತೆ. 2006ರಲ್ಲಿ ಕವಿತಾ ಲಂಕೇಶ್ ಮುಂದುವರಿಸಿದ ಎಪಿಸೋಡುಗಳನ್ನ ನಿಮ್ಮಂಥ ಹಳೇ ಅಭಿಮಾನಿಗಳು ನೋಡದೇನೇ ಬೈದ್ರು, ಅದು ನ್ಯಾಯ ಅಲ್ಲ, ಒಂದೆರಡು ನೋಡಿ ಆಮೇಲೆ ಬೇಕಾದ್ರೆ ಬೈರಿ.

ಇನ್ನು ಮಗಳು. ನೀವು ತೋರಿಸಿದ್ದು ಸ್ವಾಮಿ ಕಥೆನೇ ಇರ್ಬೇಕು, ಎಲ್ಲಾ ಅಪ್ಪಂದಿರೂ ಅದನ್ನೇ ತೋರಿಸ್ತಾರೆ, ಪಕ್ಕ ಕೂತು "ಈಗ ನೋಡು, ಈಗ ನೋಡು" ಅಂತಾರೆ, ಆ ಮಗು ಸೀರಿಯಲ್ ನೋಡಬೇಕಾ ಅಪ್ಪನ ಮುಖ ನೋಡಬೇಕಾ? ಹದಿಮೂರರ ಹುಡುಗಿಗೆ ಬೇರೆಯವರ ಬಾಲ್ಯದ ಕ್ಯೂಟ್ ಹುಡುಗ ಬೇಡ, ಅನ್ಯಾಯದ ಕಥೆ ಬೇಕು. ಲೀಲಾಳ ಗೆಳೆಯನ ಎಪಿಸೋಡ್ ಹಾಕಿ. ಮನೆಗೆಲಸದ ಸಿದ್ದ, ಪುಟ್ಟ ಲೀಲಾಗೆ ಅವನೇ ಫ್ರೆಂಡು. ಚಿನ್ನದ ಸರ ಕಾಣೆಯಾದ ತಕ್ಷಣ ಅನುಮಾನ ಅವನ ಮೇಲೆ, ಪೊಲೀಸು, ಆಮೇಲೆ ನೋಡಿದ್ರೆ ಸರ ಹುಣಸೇಹಣ್ಣಿನ ಪಾತ್ರೆಯಲ್ಲಿ. ಸಿಕ್ಕಿದ ಮೇಲೂ ಅಪ್ಪ ಅನ್ನೋದು, ಏನೇ ಆಗಲಿ ಅಂಥ ಕ್ರಿಮಿನಲ್‌ನ ಮನೇಲಿ ಇಟ್ಕೊಳ್ಳೋಕೆ ಆಗ್ತಿರ್ಲಿಲ್ಲ ಅಂತ. ಅಪಾರ್ಟ್‌ಮೆಂಟ್ ಗೇಟಲ್ಲಿ ಕೆಲಸದಾಕೆಯ ಬ್ಯಾಗ್ ತೆಗೆಸಿ ನೋಡೋದನ್ನ ದಿನಾ ನೋಡ್ಕೊಂಡು ಸ್ಕೂಲಿಗೆ ಹೋಗೋ ಹುಡುಗಿಗೆ ಇದನ್ನ ಯಾರೂ ವಿವರಿಸಬೇಕಿಲ್ಲ. ನೀವು ಹಾಕಿಕೊಟ್ಟು ಟೀ ಮಾಡೋಕೆ ಎದ್ದು ಹೋಗಿ. ಇಂಗ್ಲಿಷ್ ವರ್ಷನ್ ಸಿಕ್ಕಿದ್ರೆ ಅದನ್ನೇ ಹಾಕಿ, ಅವಳಿಗೆ ಅದು ಹತ್ತಿರ ಇರಬಹುದು, ಶುದ್ಧಿ ಅಶುದ್ಧಿ ನಮಗೆ ಬೇಡ. ಆಗಲೂ ಬೋರ್ ಅಂದ್ರೆ ಬಿಟ್ಬಿಡಿ. ಅವಳಿಗೂ ಒಂದು ಸೀರಿಯಲ್ ಇರತ್ತೆ, ಅದನ್ನ ಒಂದು ಸಂಜೆ ನೀವು ಫೋನ್ ಮುಟ್ಟದೆ ಅವಳ ಜೊತೆ ಕೂತು ನೋಡಿ, ಅದಂತೂ ನ್ಯಾಯವಾದ ಲೆಕ್ಕ.

ಕೊನೆಗೆ ಒಂದು ಕಸುಬಿನ ಮಾತು. ಆ ಕಾಲದ ಟಿವಿ ಚೌಕಟ್ಟು 4:3, ಅಂದ್ರೆ ಅಗಲ ನಾಲ್ಕು ಪಾಲಾದ್ರೆ ಎತ್ತರ ಮೂರು, ಈಗಿನ ಅಗಲ ಟಿವಿಗೆ ತುಂಬಿಸೋಕೆ ಅಂತ ಹಳೇ ಸೀರಿಯಲ್‌ಗಳನ್ನ ಎಳೆದು ಹಾಕಿರೋದು, ಮೇಲೆ ಕೆಳಗೆ ಕತ್ತರಿಸಿ ಹಾಕಿರೋದು ಬೇಕಾದಷ್ಟಿದೆ. ಎಳೆದಿದ್ರೆ ಕಾರ್ನಾಡರ ಮುಖ ಇಡ್ಲಿ ಥರ ಕಾಣತ್ತೆ, ಕತ್ತರಿಸಿದ್ರೆ ಹೆಂಚಿನ ಮಾಡು ಹೋಗಿ ಬರೀ ಮೂಗು ಬಾಯಿ ಉಳಿಯತ್ತೆ. ಟಿವಿ ಸೆಟ್ಟಿಂಗಲ್ಲಿ ಪಿಕ್ಚರ್ ಸೈಜ್‌ಗೆ ಹೋಗಿ 4:3 ಮಾಡಿ ನೋಡಿ, ಎಳೆದಿದ್ದು ಸರಿಯಾಗತ್ತೆ. ಕತ್ತರಿಸಿದ್ದಕ್ಕೆ ಮದ್ದಿಲ್ಲ, ಬೇರೆ ಕಾಪಿ ಹುಡುಕಿ. ಎರಡೂ ಪಕ್ಕ ಕಪ್ಪು ಪಟ್ಟಿ ಬರತ್ತೆ, ಬರಲಿ ಬಿಡಿ.